ಹಣ್ಣು ತಂದವರು, ಬರಿಗೈಲಿ ಬಂದವರು

ಇದನ್ನ ಯಾರಿಗೂ ಹೇಳಬೇಡ ಅಂತ ಮೇಷ್ಟ್ರು ನನಗೆ ಹೇಳಿದ್ರು. "ನಿಮ್ಮಮ್ಮನಿಗೆ ಅಂತ ಹೇಳಿದ ಕತೆ ಇದು. ಇನ್ನೊಬ್ಬರ ಅಳತೆಗೆ ಹೊಲಿದಿಲ್ಲ," ಅಂದ್ರು. ನಾನು ಹೂಂ ಅಂದೆ. ನಾನು ಮಾತಾಡೋದೇ ಕಮ್ಮಿ, ಹೇಳದೆ ಇರೋದೇನು ಕಷ್ಟ ಅಂದ್ಕೊಂಡಿದ್ದೆ. ಆದ್ರೆ ಈಗ ನಮ್ಮ ಬೀದಿಯ ಇನ್ನೊಂದು ಮನೆಗೂ ಜನ ಹಾಗೇ ಬಂದು ಹೋಗ್ತಾ ಇದಾರೆ. ಆ ಮನೆಯವರು ಕಿಟಕಿ ಹತ್ರ ನಿಂತಿರೋದನ್ನ ಸ್ಕೂಲಿಂದ ಬರುವಾಗ ದಿನಾ ನೋಡ್ತೀನಿ. ಅದಕ್ಕೇ ಹೇಳ್ತಾ ಇದೀನಿ. ಮೊದಲ ಸಲ ಹೇಳ್ತಿರೋದು. ಹಿಂದುಮುಂದಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅಮ್ಮ ಮೇಷ್ಟ್ರನ್ನ ಒಂದು ಪ್ರಶ್ನೆ ಕೇಳಿದ್ಲು.

"ಮೇಷ್ಟ್ರೇ, ನಾನು ಮೊದಲು ಸಂತೋಷ ಪಡಬೇಕಾ, ಮೊದಲು ಅಳಬೇಕಾ?"

ಮೇಷ್ಟ್ರು ಅಂದ್ರೆ ನಂಜುಂಡಾರಾಧ್ಯರು. ಲಂಗ ಹಾಕ್ಕೊಳ್ಳೋ ವಯಸ್ಸಿಂದ ಅಮ್ಮ ಅವರ ಹತ್ರ ಹಾಡೋದು ಕಲಿತಿದ್ಲು. ಅಮ್ಮನ ಹೆಸರು ಶಿವಗಂಗಾ. ಮೇಷ್ಟ್ರಿಗೆ ಅವಳು ಇವತ್ತಿಗೂ ಬರೀ ಗಂಗಾ.

ಅಮ್ಮನಿಗೆ ಎದೆಯಲ್ಲಿ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ ಎಡಗಡೆದು ತೆಗೆದ್ರು. ಕೀಮೋ ಕೊಟ್ರು, ಕೂದಲೆಲ್ಲ ಹೋಯ್ತು. ರೇಡಿಯೇಷನ್ ಅಂತ ಬೆಂಗಳೂರಲ್ಲಿ ಇದ್ದಾಗ ಇಲ್ಲಿ ಅಜ್ಜಿ, ಅಂದ್ರೆ ಅಮ್ಮನ ಅಮ್ಮ, ರಾತ್ರಿ ಮಲಗಿದವಳು ಏಳಲಿಲ್ಲ. ಅಮ್ಮ ಬಂದು ಮುಖ ನೋಡಿ, ಮಣ್ಣು ಹಾಕಿ, ಮರುದಿನವೇ ಆಸ್ಪತ್ರೆಗೆ ವಾಪಸ್ ಹೋದ್ಲು. ರೇಡಿಯೇಷನ್ ತಪ್ಪಿಸೋ ಹಾಗಿರಲಿಲ್ಲ.

ಎಲ್ಲ ಮುಗಿದ ದಿನ ಡಾಕ್ಟರು, "ಚೆನ್ನಾಗಿದೀರಿ. ಇನ್ನು ಮೂರು ತಿಂಗಳಿಗೊಂದು ಸಲ ಬಂದು ತೋರಿಸಿ," ಅಂದ್ರು. ಅಪ್ಪ ಅಲ್ಲೇ ಕಣ್ಣೀರು ಹಾಕಿದ್ರು. ಅಮ್ಮ, "ಆಟೋ ಕಾಯ್ತಿದೆ, ನಡೀರಿ," ಅಂದ್ಲು. ಅಷ್ಟೇ ಅಂದ್ಲು.

ಆಮೇಲೆ ಮನೆಗೆ ಜನ ಬರೋಕೆ ಶುರು ಮಾಡಿದ್ರು. ಕಾಯಿಲೆಯಿಂದ ಎದ್ದವರನ್ನ ನೋಡೋಕೆ ಹೋಗುವಾಗ ನಮ್ಮ ಕಡೆ ಹಣ್ಣು ತಗೊಂಡು ಹೋಗ್ತಾರೆ, ಹೊರಡುವಾಗ "ಬರ್ತೀವಿ" ಅಂತಾರೆ. ಸಾವಾದ ಮನೆಗೆ ಬರಿಗೈಲಿ ಹೋಗ್ತಾರೆ, ಹೊರಡುವಾಗ ಏನೂ ಹೇಳದೆ ಎದ್ದು ಹೋಗ್ತಾರೆ. "ಬರ್ತೀವಿ" ಅಂದ್ರೆ ಇಂಥದಕ್ಕೇ ಇನ್ನೊಂದು ಸಲ ಬರೋ ಹಾಗಾಗುತ್ತೆ ಅಂತ ಭಯ. ನಮ್ಮ ಮನೆಯಲ್ಲಿ ಎರಡೂ ಆಗಿತ್ತಲ್ಲ. ಅಪ್ಪನ ಅಕ್ಕ ಕಲ್ಯಾಣತ್ತೆ ಬಾಳೆಹಣ್ಣು ಹಿಡ್ಕೊಂಡು ಬಂದವರು ಹೊಸ್ತಿಲ ಹತ್ರ ಅಜ್ಜಿ ನೆನಪಾಗಿ ಚೀಲ ಹೊರಗೇ ಇಟ್ಟು ಒಳಗೆ ಬಂದ್ರು. ಬೀದಿ ಹಸು ಚೀಲದ ಸಮೇತ ತಿಂದುಬಿಡ್ತು.

"ಅಳಬೇಡ ಕಣಮ್ಮ, ಅತ್ರೆ ಮತ್ತೆ ಗಂಟಾಗುತ್ತೆ," ಅಂದ್ರು ಕಲ್ಯಾಣತ್ತೆ. ಕಾಫಿ ಕುಡಿದು ಮುಗಿಸಿ, "ಹೆತ್ತ ತಾಯಿ ಹೋದ್ಲು ಅಂತ ಸ್ವಲ್ಪನಾದ್ರೂ ಅಳಬಾರದೇನೇ, ನೋಡಿದವರು ಏನಂದ್ಕೋತಾರೆ," ಅಂದ್ರು.

ಅಮ್ಮ ಅಳಲೂ ಇಲ್ಲ, ನಗಲೂ ಇಲ್ಲ. ಲೋಟ ತೊಳೆದಿಟ್ಲು.

ಅಜ್ಜಿ ನನಗೂ ಅಜ್ಜಿನೇ. ಆದ್ರೆ ಅಮ್ಮ ಅಳದೆ ಇರುವಾಗ ನಾನು ಹೇಗೆ ಅಳೋದು ಅಂತ ಗೊತ್ತಾಗದೆ ನಾನೂ ಸುಮ್ಮನಿದ್ದೆ. ಕೊನೆಗೆ ಒಂದು ಸಂಜೆ ಅಮ್ಮನೇ, "ಮೇಷ್ಟ್ರ ಮನೆಗೆ ಹೋಗೋಣ ಬಾ," ಅಂದ್ಲು. ಅಲ್ಲಿ ಕೂತು ಈ ಪ್ರಶ್ನೆ ಕೇಳಿದ್ಲು.

ಮೇಷ್ಟ್ರು ಪ್ರಶ್ನೆಗೆ ಪ್ರಶ್ನೆನೇ ಹಾಕಿದ್ರು.

"ಅಳೋಕೆ ಏನು ಅಡ್ಡಿ?" ಅಂದ್ರು.

"ಅತ್ರೆ ಮತ್ತೆ ಗಂಟಾಗುತ್ತಂತೆ."

"ಡಾಕ್ಟರು ಹೇಳಿದ್ರಾ?"

"ಇಲ್ಲ. ಕಲ್ಯಾಣಕ್ಕ ಹೇಳಿದ್ರು."

"ಕಲ್ಯಾಣಿ ಯಾವಾಗ ಡಾಕ್ಟರಾದ್ಲು? ನನ್ನ ಹತ್ರ ಮೊದಲ ಪಾಠ ಸರಳೆ ದಾಟೋಕೇ ಆಗದೆ ಬಿಟ್ಟು ಹೋದವಳು ಅವಳು."

ನನಗೆ ನಗು ಬಂತು. ಅಮ್ಮ ನಗಲಿಲ್ಲ.

"ನನ್ನ ಕೊರಗಲ್ಲೇ ಅಮ್ಮ ಹೋದ್ಲು ಅಂತಾನೂ ಅಂತಾರೆ ಮೇಷ್ಟ್ರೇ."

"ಎಂಬತ್ತು ದಾಟಿದವಳು. ಮುದ್ದೆ ಉಂಡು, ಎಲೆ ಅಡಿಕೆ ಹಾಕ್ಕೊಂಡು, ಮಲಗಿ ಹೋದ್ಲು. ಆ ಪುಣ್ಯದ ಸಾವಿಗೂ ನೀನೇ ಕಾರಣ ಆಗಬೇಕಾ? ಅಷ್ಟು ಆಸೆ ಒಳ್ಳೇದಲ್ಲ ಗಂಗಾ."

ಅಮ್ಮ ನೆಲ ನೋಡ್ತಾ ಹೇಳಿದ್ಲು. "ನಗೋಕೆ ಹೋದ್ರೆ ಅಮ್ಮ ಇಲ್ಲ ಅನ್ನೋದು ನೆನಪಾಗುತ್ತೆ. ಅಳೋಕೆ ಹೋದ್ರೆ, ಬದುಕಿ ಬಂದವಳು ಅಳಬಾರದು ಅನ್ಸುತ್ತೆ. ಎರಡೂ ಬಂದು ಗಂಟಲಲ್ಲಿ ನಿಂತಿವೆ. ಹಾಡೋಕೂ ಆಗಲ್ಲ. ಇವಳು ಬಂದು ಪಕ್ಕದಲ್ಲಿ ಕೂತ್ರೂ ಮರದ ಹಾಗೆ ಇರ್ತೀನಿ. ಹೀಗೇ ಇದ್ದುಬಿಡ್ತೀನೇನೋ ಅಂತ ಭಯ. ಆ ಕಾಯಿಲೆಗೂ ನಾನು ಇಷ್ಟು ಹೆದರಿರಲಿಲ್ಲ."

ಇವಳು ಅಂದ್ರೆ ನಾನು. ಅಮ್ಮ ಅದನ್ನ ಗಮನಿಸಿದಾಳೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಮೇಷ್ಟ್ರು ನನ್ನ ಕಡೆ ತಿರುಗಿ, "ಮಗು, ಬಾಗಿಲಿಗೆ ಚಿಲಕ ಹಾಕಿ ಬಾ," ಅಂದ್ರು. ಹಾಕಿ ಬಂದೆ. ಆಮೇಲೆ ಕತೆ ಹೇಳಿದ್ರು. ಮೇಷ್ಟ್ರು ಹೇಳಿದ ಹಾಗೇ ಹೇಳ್ತೀನಿ.

"ಒಂದೂರಲ್ಲಿ ಒಬ್ಬ ಹೆಂಗಸು ಇದ್ದಳು. ಕಾಯಿಲೆ ಬಿದ್ದಳು. ದೂರದ ಊರಿನ ವೈದ್ಯನ ಹತ್ತಿರ ಹೋದಳು. ವೈದ್ಯ ಮೈಯಿಂದ ತೆಗೀಬೇಕಾದ್ದನ್ನು ತೆಗೆದ, ಕೊಡಬೇಕಾದ ಔಷಧಿ ಕೊಟ್ಟ. ತಲೆಯ ಕೂದಲು ಹೋಯಿತು, ಜೀವ ಉಳಿಯಿತು. ಅವಳು ಅಲ್ಲಿರುವಾಗ ಇಲ್ಲಿ ಅವಳ ತಾಯಿ ಸತ್ತಳು.

"ಹೆಂಗಸು ಊರಿಗೆ ಬಂದಳು. ಊರವರು ನೋಡೋಕೆ ಹೊರಟರು. ಹೊರಟವರು ಬೀದಿಯಲ್ಲೇ ನಿಂತರು. ಆ ಊರಲ್ಲೂ ನಮ್ಮ ಪದ್ಧತಿಯೇ. ಹಣ್ಣು ಹಿಡಿಯಬೇಕೋ ಬೇಡವೋ, ಹೊರಡುವಾಗ ಬಾಯಿ ಬಿಡಬೇಕೋ ಬೇಡವೋ, ಯಾರಿಗೂ ತಿಳಿಯಲಿಲ್ಲ. ಊರ ಯಜಮಾನನನ್ನು ಕೇಳಿದರು. ಯಜಮಾನ ಯೋಚನೆ ಮಾಡಿ ಹೇಳಿದ. 'ಆ ಮನೆಗೆ ಎರಡು ಬಾಗಿಲಿವೆ. ಸಂತೋಷಕ್ಕೆ ಬರೋರು ಹಣ್ಣು ಹಿಡಿದು ಮುಂದಿನ ಬಾಗಿಲಿಗೆ ಬರಲಿ. ದುಃಖಕ್ಕೆ ಬರೋರು ಬರಿಗೈಲಿ ಹಿತ್ತಲ ಬಾಗಿಲಿಗೆ ಬರಲಿ. ಒಂದಕ್ಕೊಂದು ಬೆರೆಯೋದು ಬೇಡ.' ಊರಿಗೆಲ್ಲ ಸಮಾಧಾನವಾಯಿತು."

"ಆ ಹೆಂಗಸನ್ನ ಕೇಳಿದ್ರಾ?" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸ್ತು.

"ಇಲ್ಲ," ಅಂದ್ರು ಮೇಷ್ಟ್ರು. "ಅವಳಿಗೂ ಅದೇ ಸರಿ ಅನ್ನಿಸಿತ್ತು.

"ಅವಳು ಮುಂದಿನ ಬಾಗಿಲಿಗೆ ಹೋಗಿ ಹಣ್ಣು ತಗೊಂಡಳು. 'ಮುಖಕ್ಕೆ ಕಳೆ ಬಂದಿದೆ' ಅಂದರು. ನಗಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಹಿತ್ತಲಿಂದ ಕರೆದರು. ಓಡಿದಳು. ಹಿತ್ತಲಲ್ಲಿ ತಲೆ ತಗ್ಗಿಸಿ ಕೂತಳು. 'ಎಂಥ ತಾಯಿ' ಅಂದರು. ಕಣ್ಣು ಬಿಸಿಯಾಯಿತು. ಅಷ್ಟರಲ್ಲಿ ಮುಂದಿನಿಂದ ಕರೆದರು. ಓಡಿದಳು. ನಗು ಹುಟ್ಟುವ ಮೊದಲೇ ನಿಂತಿತು, ಕಣ್ಣೀರು ಇಳಿಯುವ ಮೊದಲೇ ಒಣಗಿತು. ದಿನವೂ ಹೀಗೇ ಆಯಿತು. ಮನೆ ತುಂಬ ಹಣ್ಣು ಕೊಳೆಯಿತು.

"ಒಂದು ದಿನ ಓಡಿ ಓಡಿ ಅವಳಿಗೆ ಯಾವ ಬಾಗಿಲಲ್ಲಿದ್ದೇನೆ ಅನ್ನೋದು ಮರೆಯಿತು. ಹಿತ್ತಲಲ್ಲಿ ಕೂತಿದ್ದವರು ಮಾತಿಲ್ಲದೆ ಎದ್ದು ಹೊರಟರು. ಹೆಂಗಸು ಕೈ ಮುಗಿದು, 'ಹೋಗಿ ಬನ್ನಿ' ಅಂದಳು."

"ಅಯ್ಯೋ!" ಅಂದ್ಲು ಅಮ್ಮ.

"ಅವರೂ ಅಯ್ಯೋ ಅಂದರು. 'ಇವಳು ನಮ್ಮನ್ನು ಇನ್ನೊಂದು ಸಾವಿಗೆ ಕರೀತಾಳೆ' ಅಂದರು. ಹೆಂಗಸು ಗಾಬರಿಯಾಗಿ ಮುಂದಿನ ಬಾಗಿಲಿಗೆ ಹೋದಳು. ಅಲ್ಲಿದ್ದವರು 'ಬರ್ತೀವಮ್ಮ' ಅಂದರು. ಅವಳಿಗೆ ಬಾಯಿ ತೆರೆಯೋಕೆ ಭಯ. ಮಾತಾಡದೆ ಒಳಗೆ ಹೋದಳು. 'ನಮ್ಮ ಹಣ್ಣು ಬೇಕಾಯಿತು, ನಾವು ಬೇಡವಾದೆವು' ಅಂತ ಅವರು ಅಂದರು. ಎರಡು ಬಾಗಿಲವರೂ ಜೊತೆಯಾಗಿ ಯಜಮಾನನ ಹತ್ತಿರ ಹೋದರು. ಅಲ್ಲಿ ಬೆರೆಯೋಕೆ ಅವರಿಗೇನೂ ಅಡ್ಡಿ ಇರಲಿಲ್ಲ."

ಅಮ್ಮನ ತುಟಿ ಸ್ವಲ್ಪ ಅಲುಗಿತು. ನಾನು ನೋಡ್ದೆ.

"ಹೆಂಗಸು ನಡುಮನೆಗೆ ಬಂದು ನಿಂತಳು. ಇಷ್ಟು ದಿನ ಅಲ್ಲಿ ಬರೀ ಓಡಿದ್ದಳು, ನಿಂತಿರಲಿಲ್ಲ. ತುಂಬಾ ಬೆವರಿದ್ದಳು. ಒರೆಸೋಣ ಅಂತ ತಲೆ ಮೇಲಿನ ಸೆರಗು ಸರಿಸಿದಳು. ಅಂಗೈಗೆ ಏನೋ ತಾಗಿತು. ಮತ್ತೆ ಮುಟ್ಟಿ ನೋಡಿದಳು. ಕೂದಲು. ಆಗ ತಾನೇ ಮೊಳೆತ ರಾಗಿ ಪೈರಿನ ಹಾಗೆ, ತಲೆ ತುಂಬ ಕೂದಲು.

"'ಅವ್ವಾ, ಕೂದಲು ಬಂತು ನೋಡೇ!' ಅಂತ ಹೆಂಗಸು ಕೂಗಿದಳು."

ಮೇಷ್ಟ್ರು ನಿಲ್ಲಿಸಿದ್ರು. ಅಮ್ಮನ ಕೈ ಅವಳ ತಲೆ ಕಡೆಗೆ ಹೋಗಿ, ಅರ್ಧದಲ್ಲಿ ನಿಂತಿತ್ತು. ಕೀಮೋ ಶುರುವಾದಾಗಿಂದ ಅಮ್ಮ ಮನೆಯೊಳಗೂ ಸೆರಗು ಹೊದ್ದುಕೊಂಡೇ ಇರ್ತಿದ್ಲು. ಕೆಳಗೆ ಏನಿದೆ ಅಂತ ನನಗೂ ತೋರಿಸಿರಲಿಲ್ಲ.

"ಅವಳಿಗೆ ತಾಯಿ ಇಲ್ವಲ್ಲ," ಅಂದ್ಲು ಅಮ್ಮ.

"ಇಲ್ಲ. ಕೂಗಿದ ಮೇಲೆ ಅವಳಿಗೂ ಅದು ತಿಳಿಯಿತು. ಅಲ್ಲಿ ತನಕ ತಾಯಿ ಸತ್ತಳು ಅಂತ ಬರೀ ಕೇಳಿದ್ದಳು."

ಮೇಷ್ಟ್ರು ಕತೆ ಮುಂದುವರಿಸಿದ್ರು.

"ಸಂತೋಷದ ಸುದ್ದಿ ಇತ್ತು. ಮೊದಲು ಯಾರಿಗೆ ಹೇಳಬೇಕೋ ಅವಳು ಇರಲಿಲ್ಲ. ಹೆಂಗಸು ತಲೆ ಸವರಿಕೊಂಡು ನಕ್ಕಳು. ಸವರುತ್ತಾ ಸವರುತ್ತಾ ಅತ್ತಳು. ನಗು ಮೊದಲು ಬಂತೋ ಅಳು ಮೊದಲು ಬಂತೋ, ಅದನ್ನು ನೋಡೋಕೆ ಅಲ್ಲಿ ಯಾರೂ ಇರಲಿಲ್ಲ. ಅವಳೂ ನೋಡಲಿಲ್ಲ.

"ಆಮೇಲೆ ಎದ್ದು ಹೋಗಿ ಮುಂದಿನ ಬಾಗಿಲಿಗೆ ಚಿಲಕ ಹಾಕಿದಳು. ಹಿತ್ತಲ ಬಾಗಿಲಿಗೂ ಹಾಕಿದಳು. ಎಣ್ಣೆ ಬಿಸಿ ಮಾಡಿ ತಂದು ನಡುಮನೆಯಲ್ಲಿ ಕೂತು ತಲೆಗೆ ಹಚ್ಚಿಕೊಂಡಳು. ತಾಯಿ ಹಚ್ಚುವಾಗ ಹೇಗೆ ಬೈಯುತ್ತಿದ್ದಳೋ ಹಾಗೇ ತನ್ನನ್ನು ತಾನೇ ಬೈದುಕೊಂಡಳು. 'ಅಲುಗಾಡಬೇಡ್ವೇ ಮೂದೇವಿ, ಕಣ್ಣಿಗೆ ಇಳಿಯುತ್ತೆ.' ಬೈದುಕೊಂಡು ಮತ್ತೆ ನಕ್ಕಳು, ಮತ್ತೆ ಅತ್ತಳು.

"ಊರು ಎರಡೂ ಬಾಗಿಲು ತಟ್ಟಿತು. ಹಣ್ಣು ತಂದವರು ತಟ್ಟಿದರು, ಬರಿಗೈಲಿ ಬಂದವರು ತಟ್ಟಿದರು. ಕೊನೆಗೆ ಯಜಮಾನನೇ ಬಂದ. 'ಮುಂದಿನದು ತೆಗೀತೀಯೋ ಹಿಂದಿನದು ತೆಗೀತೀಯೋ, ಯಾವುದಾದರೂ ಒಂದು ಹೇಳಮ್ಮ' ಅಂತ ಕೂಗಿದ."

ಮೇಷ್ಟ್ರು ಕತೆ ಅಷ್ಟಕ್ಕೇ ನಿಲ್ಲಿಸಿದ್ರು.

ಅಮ್ಮ ಕಾದ್ಲು. ಅಮ್ಮನ ಸೆರಗು ಭುಜಕ್ಕೆ ಜಾರಿತ್ತು, ಅವಳು ಎಳ್ಕೊಳ್ಳಲಿಲ್ಲ. ಆಗ ನೋಡಿದೆ ನಾನು. ಚಿಕ್ಕ ಚಿಕ್ಕ ಕೂದಲು, ಕಪ್ಪಿಗಿಂತ ಬಿಳಿದೇ ಜಾಸ್ತಿ, ಹಣೆ ಹತ್ರ ಸ್ವಲ್ಪ ಸುರುಳಿ. ಅಜ್ಜಿ ಹಣೆಯ ಮೇಲೂ ಹಾಗೇ ಸುರುಳಿ ಇತ್ತು. ಅಮ್ಮನ ಕೂದಲು ಮೊದಲು ನೇರವಾಗಿತ್ತು, ಸುರುಳಿ ಇರಲಿಲ್ಲ.

"ಅಮ್ಮ, ಅಜ್ಜಿ ಥರಾನೇ ಇದೆ," ಅಂದೆ.

ಅಮ್ಮ ತಲೆ ಮುಟ್ಟಿಕೊಂಡ್ಲು. ಸುರುಳಿಯನ್ನ ಬೆರಳಿಗೆ ಸುತ್ತಿ ನೋಡಿದ್ಲು. ಬಾಯಿ ನಗೋಕೆ ಹೋಗಿತ್ತು, ಗಲ್ಲದ ಮೇಲೆ ಆಗಲೇ ನೀರಿತ್ತು. ಉಸಿರು ಸಿಗದ ಹಾಗೆ ಕೇಳಿದ್ಲು.

"ಕೊನೆಗೆ ಯಾವ ಬಾಗಿಲು ತೆಗೆದ್ಲು ಮೇಷ್ಟ್ರೇ?"

ಅದೇ ಹೊತ್ತಿಗೆ ಹೊರಗೆ ಯಾರೋ ಬಾಗಿಲು ತಟ್ಟಿದ್ರು. "ಶಿವಗಂಗಾ ಇದಾಳಾ? ಮನೆಗೆ ನೆಂಟರು ಬಂದು ಕೂತಿದಾರೆ, ಬೇಗ ಬರಬೇಕಂತೆ," ಅಂತ ಗಂಡಸಿನ ದನಿ. ಚಿಲಕ ತೆಗೆಯೋಣ ಅಂತ ನಾನು ಎದ್ದೆ.

ಮೇಷ್ಟ್ರು ನನ್ನ ಕೈ ಹಿಡಿದ್ರು.

"ಕೂತ್ಕೋ ಮಗು. ಬಂದವರು ಕಾಯಲಿ, ಇವಳು ಕಾದಿದ್ದು ಸಾಕು."

ಅಮ್ಮ ಮತ್ತೆ ಏನೂ ಕೇಳಲಿಲ್ಲ. ಮುಖ ಮುಚ್ಚಿಕೊಳ್ಳದೆ ಅಳ್ತಾ ಇದ್ಲು. ನಾನು ಹೋಗಿ ಅವಳಿಗೆ ಒತ್ತಿಕೊಂಡು ಕೂತೆ. ಅವಳ ಮೈ ಬಿಸಿಯಾಗಿತ್ತು, ಅಲುಗಾಡ್ತಾ ಇತ್ತು.

ಬಾಗಿಲು ಇನ್ನೊಂದು ಸಲ ತಟ್ಟಿದ್ರು. ಯಾರೂ ಓ ಅನ್ನಲಿಲ್ಲ.