ಸೊಪ್ಪಿನ ಪಾತಿಯ ಮುಳ್ಳು

"ಗುರುಗಳೇ, ಮಾತಿಗೆ ಬಗ್ಗದವರನ್ನು ಒಂದಿಷ್ಟು ನೋಯಿಸಿಯಾದರೂ ದಾರಿಗೆ ತರುವುದು ತಪ್ಪೇ?" ಎಂದು ಮರಿದೇವ ಕೇಳಿದ.

ಮಠದ ಹೂದೋಟ ನೋಡಿಕೊಳ್ಳುವ ಶಿಷ್ಯ ಅವನು. ಕೇರಿಯ ಬೆಕ್ಕುಗಳು ಬಂದು ಹೂವಿನ ಪಾತಿಯಲ್ಲಿ ಹೊಲಸು ಮಾಡುತ್ತಿದ್ದವು. ತಾನು ಕೂಗಾಡಿದ ಮೇಲೆ ಈಚೆಗೆ ಕಡಿಮೆಯಾಗಿದೆ, ಆದರೆ ಪೂರ್ತಿ ನಿಂತಿಲ್ಲ ಎಂದ. ಒಂದು ಕಟ್ಟು ಜಾಲಿಮುಳ್ಳು ಕಡಿದು ತಂದು ಜಗಲಿಯ ಮೇಲೆ ಇಟ್ಟಿದ್ದ. ವಯಸ್ಸಾದ ಗುರುಗಳು ಆ ಕಟ್ಟನ್ನು ಕೈಯಿಂದ ತಡವಿ ನೋಡಿ, ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ತೋಟಿಗನಿದ್ದ. ಸೊಪ್ಪು ಬೆಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಊರಿನ ದಾಸೋಹಕ್ಕೆ ಅವನದೇ ಸೊಪ್ಪು ಹೋಗುತ್ತಿತ್ತು. ಅದೇ ಅವನ ಅನ್ನ, ಅದೇ ಅವನ ಮಾನ.

ಪಕ್ಕದಲ್ಲಿ ಒಬ್ಬ ಮುದುಕಿ. ಹಿಂದೆ ಮುಂದೆ ಯಾರೂ ಇಲ್ಲದವಳು, ನಾಲ್ಕಾರು ಬೆಕ್ಕು ಸಾಕಿಕೊಂಡಿದ್ದಳು. ಬೆಕ್ಕಿಗೇನು ಗೊತ್ತು ದಾಸೋಹ? ಅದಕ್ಕೆ ಬೇಕಾದದ್ದು ಸಡಿಲವಾದ ಮಣ್ಣು. ಇವನು ಅಗೆದು ಹದ ಮಾಡಿದ ಪಾತಿ ತನಗಾಗಿಯೇ ಮಾಡಿದ್ದೆಂದು ಅದು ತಿಳಿದುಕೊಂಡಿತು. ಒಂದು ದಿನ ದಾಸೋಹದ ಅಡುಗೆಯವರು ಮೂಗು ಮುಚ್ಚಿಕೊಂಡು, ನಾಲ್ಕು ಜನರೆದುರು, ಸೊಪ್ಪಿನ ಬುಟ್ಟಿಯನ್ನು ಹಿಂದಕ್ಕೆ ಕಳಿಸಿದರು. ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡ ಎಂದರು.

ತೋಟಿಗ ನೇರ ಮುದುಕಿಯ ಬಾಗಿಲಿಗೆ ಹೋದ. ಬಾಯಿಗೆ ಬಂದಂತೆ ಬೈದ.

"ಬೆಕ್ಕಿಗೆ ಬುದ್ಧಿ ಹೇಳೋದು ಯಾರಿಂದಾದೀತಪ್ಪಾ? ನನ್ನಿಂದ ಆದದ್ದು ಮಾಡ್ತೀನಿ" ಎಂದಳು ಮುದುಕಿ.

ಹಾರಿಕೆಯ ಮಾತು ಎಂದುಕೊಂಡ ತೋಟಿಗ. ಆದರೆ ಮರುದಿನದಿಂದ ಹೊಲಸು ಕಡಿಮೆಯಾಯಿತು. ನನ್ನ ಬಾಯಿಗೆ ಹೆದರಿದವು ಎಂದು ಮೀಸೆ ತಿರುವಿದ. ಪಾತಿಯ ಅಂಚಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿರುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವನಿಗೆ ಆ ಬುಟ್ಟಿ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು. ಬಹುಪಾಲು ಹೋಯಿತಲ್ಲ ಎಂಬ ಸಮಾಧಾನ ಮನುಷ್ಯನಿಗೆ ಎಲ್ಲಿಂದ ಬರಬೇಕು?

ಒಂದು ಸಂಜೆ ಜಾಲಿಮುಳ್ಳು ತಂದು, ಮೊನೆ ಮೇಲೆ ಮಾಡಿ, ಪಾತಿಯ ತುಂಬ ನೆಟ್ಟ. ಕಾಣದಂತೆ ಮೇಲೆ ಪುಡಿಮಣ್ಣು ಉದುರಿಸಿದ. ಬೆಳಿಗ್ಗೆ ನೋಡಿದರೆ ಮಣ್ಣಿನ ಮೇಲೆ ರಕ್ತ. "ಮಾಡಿದ್ದುಣ್ಣೋ ಮಹಾರಾಯ" ಎಂದು ನಕ್ಕ. ಸಿಕ್ಕಿದವರಿಗೆಲ್ಲ ಹೇಳಿಕೊಂಡು ಇನ್ನಷ್ಟು ನಕ್ಕ.

ಅದರ ಮರುದಿನ ಪಾತಿಯಲ್ಲಿ ಹಿಂದೆಂದೂ ಇಲ್ಲದಷ್ಟು ಹೊಲಸು. ಬೆಕ್ಕು ಮಣ್ಣನ್ನು ಮೂಸಿ, ಮುಳ್ಳು ಬಿಟ್ಟು ಕೂತಿತ್ತು. ಅದರ ಮರುದಿನ ಇನ್ನೂ ಹೆಚ್ಚು. ತೋಟಿಗ ರೇಗಿಕೊಂಡು ಮತ್ತೆ ಮುದುಕಿಯ ಮನೆಗೆ ನುಗ್ಗಿದ.

ಮುದುಕಿ ಚಾಪೆಯ ಮೇಲೆ ಮಲಗಿದ್ದಳು. ಬಲಗೈ ಮೊಣಕೈವರೆಗೆ ಬಾತು ಕಪ್ಪಾಗಿತ್ತು. ತಲೆಯ ಹತ್ತಿರ ಒಂದು ಹಳೆಯ ಮೊರ. ಅದರಲ್ಲಿ ಅವನ ಪಾತಿಯ ಮಣ್ಣು, ಅದರೊಂದಿಗೆ ಒಣಗಿದ ಹೊಲಸು.

"ಬಂದೆಯಾ? ಎರಡು ದಿನದಿಂದ ಬಾಚೋಕಾಗಲಿಲ್ಲ, ಬೇಜಾರು ಮಾಡ್ಕೋಬೇಡ" ಎಂದಳು. "ನೀನು ಏಳೋದರೊಳಗೆ ತೆಗೆದುಬಿಡ್ತಿದ್ದೆ. ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು, ಅಂಚಿನದು ಉಳಿದುಬಿಡ್ತಿತ್ತು. ಅಲ್ಲೆಲ್ಲ ಎಂಥದೋ ಮುಳ್ಳು ಬಿದ್ದಿದೆ ಮಗಾ. ನೀನು ಬರಿಗೈ ಹಾಕಬೇಡ."

ತೋಟಿಗ ಬಾಯಿ ತೆರೆದ. ಆ ಮುಳ್ಳು ನನ್ನದೇ ಎನ್ನಲು ಹೊರಟವನು "ಹೂಂ" ಎಂದಷ್ಟೇ ಹೇಳಿ ಹೊರಗೆ ಬಂದ. ನಾಳೆ ಹೇಳೋಣ ಎಂದುಕೊಂಡ. ನಂಜು ನಾಳೆಯವರೆಗೆ ಕಾಯಲಿಲ್ಲ.

ಮುದುಕಿಯನ್ನು ಮಣ್ಣು ಮಾಡಿ ಬಂದವನೇ ಮುಳ್ಳು ಕೀಳಲು ಕೂತ. ಎಲ್ಲೆಲ್ಲಿ ನೆಟ್ಟಿದ್ದೆನೆಂಬುದು ಅವನಿಗೇ ನೆನಪಿರಲಿಲ್ಲ. ಕಿತ್ತಷ್ಟೂ ಇನ್ನೊಂದು ಉಳಿದಿದೆ ಅನ್ನಿಸುತ್ತಿತ್ತು. ಕೊನೆಗೆ ಆ ಮಣ್ಣಿಗೆ ಕೈ ಹಾಕುವ ಧೈರ್ಯವೇ ಹೋಯಿತು. ಪಾತಿ ಬೀಳುಬಿತ್ತು, ದಾಸೋಹಕ್ಕೆ ಬೇರೆಯವರು ಸೊಪ್ಪು ಹಾಕಿದರು. ಬೆಕ್ಕುಗಳು ಮಾತ್ರ ಬರುತ್ತಲೇ ಇದ್ದವು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

"ಆ ತೋಟಿಗ ಒಂದು ದಿನ ಬೇಗ ಎದ್ದು ನೋಡಬೇಕಿತ್ತು. ಆದರೆ ಗುರುಗಳೇ, ನಮ್ಮ ತೋಟಕ್ಕೆ ಅಂಥ ಮುದುಕಿ ಯಾರೂ ಬರುವುದಿಲ್ಲವಲ್ಲ" ಎಂದ ಮರಿದೇವ.

ಗುರುಗಳು ಮುಳ್ಳಿನ ಕಟ್ಟನ್ನು ಅವನ ಕಡೆಗೆ ಸರಿಸಿದರು.

"ನೆಡುವುದಾದರೆ ಎಲ್ಲೆಲ್ಲಿ ನೆಟ್ಟೆಯೆಂದು ನನಗೊಂದು ಮಾತು ಹೇಳಿಬಿಡು, ಬೆಳಗಿನ ಕತ್ತಲಲ್ಲಿ ನನಗೂ ಕಣ್ಣು ಸರಿಯಾಗಿ ಕಾಣುವುದಿಲ್ಲ" ಎಂದರು.