ಎದೆಯ ಮೇಲಿನ ಗುರುತು

"ಗುರುಗಳೇ, ಕಟ್ಟಳೆ ಸರಿಯಾಗಿದ್ದರೆ ಸಾಕಲ್ಲವೇ? ಜನರ ಮನಸ್ಸು ಹೊಕ್ಕು ನೋಡುವ ಗೊಡವೆ ನಮಗೇಕೆ?"

ಕೇಳಿದವನು ಚೆನ್ನವೀರ, ಮಠದ ಪಾಠಶಾಲೆಯ ಹಿರಿಯ ಶಿಷ್ಯ. ಕೇಳುವಾಗ ಅವನ ಮುಖದಲ್ಲಿ ಸಂಶಯಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಅದಕ್ಕೆ ಕಾರಣವೂ ಇತ್ತು. ಹತ್ತು ದಿನಗಳ ಹಿಂದೆ ಅವನು ಒಂದು ಕಟ್ಟಳೆ ಮಾಡಿದ್ದ. ಪಾಠ ಒಪ್ಪಿಸುವಾಗ ಯಾರಾದರೂ ತಪ್ಪಿದರೆ, ಅವನ ಎಡಕ್ಕೆ ಕೂತವನೂ ಬಲಕ್ಕೆ ಕೂತವನೂ ಅವನ ಜೊತೆ ಒಂದು ಹೊತ್ತಿನ ಊಟ ಬಿಡಬೇಕು. ಹಾಗೆ ಮಾಡಿದರೆ ಪಕ್ಕದವರೇ ಹಿಂದುಳಿದವನಿಗೆ ಹೇಳಿಕೊಡುತ್ತಾರೆ ಎಂಬುದು ಅವನ ಎಣಿಕೆ.

"ಹತ್ತು ದಿನದಿಂದ ಒಂದೇ ಒಂದು ತಪ್ಪು ನನ್ನ ಕಿವಿಗೆ ಬಿದ್ದಿಲ್ಲ. ತೊದಲು ಮಾತಿನ ಅಡಿವೆಪ್ಪನದು ಕೂಡ," ಎಂದ.

ಗುರುಗಳು ಓದುತ್ತಿದ್ದ ಹೊತ್ತಗೆಯನ್ನು ಮುಚ್ಚಿಟ್ಟರು. ಕೂತುಕೋ ಎಂದು ಸನ್ನೆ ಮಾಡಿ ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಅಧಿಕಾರಿ ಇದ್ದ. ಕಟ್ಟಳೆ ಬರೆಯುವುದು ಅವನ ಕೆಲಸ. ಬುದ್ಧಿವಂತ, ಪ್ರಾಮಾಣಿಕ, ಬಡವರ ಮೇಲೆ ಮರುಕವಿದ್ದವನು. ಅವನನ್ನು ಕೆಟ್ಟವನೆಂದು ತಿಳಿದುಕೊಂಡರೆ ಈ ಕತೆ ಕೇಳಿಯೂ ಪ್ರಯೋಜನವಿಲ್ಲ.

ಆ ರಾಜ್ಯದ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಎರಡೂ ದಡದಲ್ಲಿ ಊರುಗಳಿದ್ದವು. ಸೇತುವೆ ಇರಲಿಲ್ಲ, ದಾಟುವವರಿಗೆ ಹರಿಗೋಲೇ ಗತಿ. ಆರು ಮಂದಿ ಕೂರಬೇಕಾದ ಹರಿಗೋಲಿನಲ್ಲಿ ಒಂಬತ್ತು ಮಂದಿ ಕೂರುತ್ತಿದ್ದರು. ವರ್ಷಕ್ಕೆ ಅರವತ್ತು ಜನ ಮುಳುಗಿ ಸಾಯುತ್ತಿದ್ದರು. ಅಧಿಕಾರಿಗೆ ಇದು ಸಹಿಸಲಾಗಲಿಲ್ಲ. ಊರವರು ಮನಸ್ಸು ಮಾಡಿದರೆ ಹರಿಗೋಲಿಗೆ ಜನ ತುಂಬುವುದನ್ನು ತಡೆಯಬಹುದು, ಅವರಿಗೆ ಸ್ವಲ್ಪ ಬಿಸಿ ಮುಟ್ಟಿಸಬೇಕು ಅಷ್ಟೇ, ಎಂದುಕೊಂಡ. ಹಾಗೆಂದುಕೊಂಡು ಒಂದು ಕಟ್ಟಳೆ ಬರೆದ. ಮುಳುಗಿದವನ ಹೆಣ ಯಾವ ಊರಿನ ದಡದಲ್ಲಿ ಸಿಗುತ್ತದೋ ಆ ಊರಿನವರೆಲ್ಲ ಒಂದು ತಿಂಗಳು ಕೋಟೆಯ ಗೋಡೆಗೆ ಬಿಟ್ಟಿಯಾಗಿ ಕಲ್ಲು ಹೊರಬೇಕು.

ಮರುವರ್ಷ ಸತ್ತವರ ಪಟ್ಟಿಯಲ್ಲಿ ಇದ್ದವರು ಇಬ್ಬರೇ. ಅರಸ ತುಂಬಿದ ಸಭೆಯಲ್ಲಿ ಅಧಿಕಾರಿಗೆ ಶಾಲು ಹೊದಿಸಿದ. ರಾಜ್ಯದ ಉಳಿದ ಹೊಳೆಗಳಿಗೂ ಇದೇ ಕಟ್ಟಳೆ ಬರಲಿ ಎಂದ. ಅಧಿಕಾರಿ ಎದ್ದು ನಿಂತು, ಒಂದು ತಿಂಗಳ ಗಡುವು ಕೇಳಿದ. ಕಟ್ಟಳೆ ಹೇಗೆ ಫಲಿಸಿತು ಎಂದು ಕಣ್ಣಾರೆ ನೋಡಿ ಬರುವುದು ಅವನ ಆಸೆ.

ನೋಡಿ ಬರುತ್ತೇನೆ ಎಂದು ಹೋದವನು ನೋಡಲಿಲ್ಲ, ಕೇಳಿದ. ಇಪ್ಪತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಮನೆ ಮನೆಗೆ ಹೋದ. ಕಟ್ಟಳೆ ಗೊತ್ತೇ? ಗೊತ್ತು. ಪಾಲಿಸುತ್ತೀರಾ? ಪಾಲಿಸುತ್ತೇವೆ. ಅದರಿಂದ ಒಳ್ಳೆಯದಾಯಿತೇ? ಆಗದೆ ಏನು ಧಣಿ. ಎಲ್ಲವನ್ನೂ ದುಂಡಗೆ ಬರೆದುಕೊಂಡ. ದಡದ ಪ್ರತಿ ಮನೆಯ ಬಾಗಿಲಿಗೂ ಒಂದು ಉದ್ದನೆಯ ಬಿದಿರು ಗಳ ಒರಗಿಸಿಟ್ಟದ್ದು ಅವನ ಕಣ್ಣಿಗೆ ಬಿತ್ತು. ಗಳದ ತುದಿಗೆ ಹಳೆಯ ಬಟ್ಟೆಯ ಉಂಡೆ ಕಟ್ಟಿತ್ತು. ಅದು ಯಾತಕ್ಕೆ ಎಂದು ಒಬ್ಬ ರೈತನನ್ನು ಕೇಳಿದ.

"ನುಗ್ಗಿಕಾಯಿ ಹರಿಯಾಕ್ರೀ," ಎಂದ ರೈತ.

ನುಗ್ಗೆಕಾಯಿ ಕೀಳುವ ಗಳಕ್ಕೆ ಕೊಕ್ಕೆ ಇರಬೇಕಲ್ಲವೇ, ಬಟ್ಟೆಯ ಉಂಡೆ ಏಕೆ? ಅಧಿಕಾರಿಗೆ ಇದು ಹೊಳೆಯಲಿಲ್ಲ. ಇಡೀ ಊರಿನಲ್ಲಿ ಒಂದೂ ನುಗ್ಗೆಮರವಿಲ್ಲ ಎಂಬುದೂ ಕಾಣಲಿಲ್ಲ. ಈ ಸೀಮೆಯ ಜನಕ್ಕೆ ನುಗ್ಗೆಕಾಯಿ ಬಹಳ ಇಷ್ಟ ಎಂದು ಬರೆದುಕೊಂಡ. ಓದಿದವರ ಹಣೆಬರಹ ಕೆಲವೊಮ್ಮೆ ಹೀಗೆಯೇ.

ಆಚೆ ದಡದ ಊರುಗಳನ್ನು ಕೇಳುವುದು ಬಾಕಿ ಇತ್ತು. ಹರಿಗೋಲು ಹತ್ತಿದ. ಅವನೂ ಸೇರಿ ಒಂಬತ್ತು ಮಂದಿ. ಅಲ್ಲ, ಈಗಲೂ ಒಂಬತ್ತು ಮಂದಿಯೇ, ಎಂದು ಒಂದು ಕ್ಷಣ ಅನ್ನಿಸಿತು. ಆದರೂ ಯಾರೂ ಸಾಯುತ್ತಿಲ್ಲವಲ್ಲ ಎಂದು ಸುಮ್ಮನಾದ.

ನಡುಹೊಳೆಯಲ್ಲಿ ಹರಿಗೋಲು ಮಗುಚಿತು.

ಅಧಿಕಾರಿಗೆ ಈಜು ಬರುತ್ತಿರಲಿಲ್ಲ. ಬೋರಲಾದ ಹರಿಗೋಲಿನ ಅಂಚು ಕೈಗೆ ಸಿಕ್ಕಿತು, ಅದನ್ನೇ ಅಪ್ಪಿ ಹಿಡಿದ. ಸೆಳವು ಅವನನ್ನು ದಡದ ಸಮೀಪಕ್ಕೆ ತಂದಿತು. ಅಷ್ಟರಲ್ಲಿ ಊರಿಗೆ ಊರೇ ಓಡಿ ಬರುವುದು ಕಾಣಿಸಿತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಳ. ಎಲ್ಲರಿಗಿಂತ ಮುಂದೆ ಆ ನುಗ್ಗೆಕಾಯಿಯ ರೈತ. ಅಧಿಕಾರಿಗೆ ಅಳು ಬಂತು, ಸಂತೋಷದ ಅಳು. ಓ, ಗಳ ಇಟ್ಟುಕೊಂಡಿರುವುದು ಇದಕ್ಕೆ! ನನ್ನ ಕಟ್ಟಳೆ ನನ್ನನ್ನೇ ಕಾಯಿತು, ಎಂದುಕೊಂಡ.

ರೈತ ಗಳ ಚಾಚಿದ. ಅಧಿಕಾರಿ ಒಂದು ಕೈ ಬಿಟ್ಟು ಅದನ್ನು ಹಿಡಿದುಕೊಂಡ. ರೈತ ಗಳವನ್ನು ತಿರುಚಿ ಬಿಡಿಸಿಕೊಂಡ. ಆಮೇಲೆ ಬಟ್ಟೆಯ ಉಂಡೆಯನ್ನು ಅವನ ಎದೆಯ ನಟ್ಟನಡುವೆ ಇಟ್ಟು, ಮೈಯ ಬಲವನ್ನೆಲ್ಲ ಹಾಕಿ ಹೊಳೆಯೊಳಕ್ಕೆ ತಳ್ಳಿದ.

ಅಧಿಕಾರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಕೈ ತಪ್ಪಿರಬೇಕು ಎಂದುಕೊಂಡ. ಎರಡನೆಯ ಸಲವೂ ಉಂಡೆ ಬಂದು ಎದೆಗೆ ತಾಗಿದಾಗ ಕಿರುಚಿದ. "ನಾನು ಹೆಣ ಅಲ್ಲ! ಬದುಕಿದ್ದೇನೆ!"

"ಜೀವ ಐತಿ, ಕಾಣಾಕತ್ತೈತ್ರೀ," ಎಂದ ರೈತ. ಅವನ ಕಣ್ಣು ತುಂಬಿತ್ತು. "ಆದರ ದಂಡಿಗೆ ಎಳಕೊಂಡ ಮ್ಯಾಲೆ ಜೀವ ಹೋದ್ರ ಏನ್ ಮಾಡೂದ್ರೀ? ಹೋದ ಸಲ ಹಂಗಾ ಆತು. ನನ್ನ ಬಸುರಿ ಮಗಳು ತಿಂಗಳಪೂರ್ತಿ ಕಲ್ಲು ಹೊತ್ತಳು. ಕೂಸು ಉಳೀಲಿಲ್ಲ. ಆಚೀ ದಂಡಿಗೆ ಹೋಗ್ರೀ ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ."

ಆಚೆ ದಡದಲ್ಲೂ ಜನ ನಿಂತಿದ್ದರು. ಅವರ ಕೈಯಲ್ಲೂ ಗಳಗಳಿದ್ದವು. ಆ ದಡ ಈ ದಡಕ್ಕೆ ತಳ್ಳಿತು, ಈ ದಡ ಆ ದಡಕ್ಕೆ ತಳ್ಳಿತು. ಒಂದು ಊರು ಮುಗಿದರೆ ಇನ್ನೊಂದು ಊರು. ಯಾರೂ ಬೈಯಲಿಲ್ಲ. ಬಹಳ ಮಂದಿ ಕೈಮುಗಿದು ತಳ್ಳಿದರು. ಅವನ ಜೊತೆ ನೀರಿಗೆ ಬಿದ್ದವರ ಕೂಗು ಒಂದೊಂದಾಗಿ ನಿಂತಿತು. ಕೊನೆಗೆ ಹರಿಗೋಲಿನ ಅಂಚಿಗೆ ಜೋತುಬಿದ್ದ ಅವನೊಬ್ಬನೇ ಉಳಿದ.

ರಾಜ್ಯದ ಗಡಿ ದಾಟಿದ ಮೇಲೆ ಹೊಳೆ ಒಂದು ಕಡೆ ತಿರುಗುತ್ತದೆ. ಅಲ್ಲಿ ಒಬ್ಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಅವನನ್ನು ಕಂಡದ್ದೇ ತಡ, ಸೊಂಟದವರೆಗೆ ನೀರಿಗಿಳಿದು ಜುಟ್ಟು ಹಿಡಿದು ಎಳೆದು ಹಾಕಿದಳು. ಅವಳಿಗೆ ಅವನ ಕಟ್ಟಳೆ ಗೊತ್ತಿರಲಿಲ್ಲ. ಅದಕ್ಕೇ ಅವನು ಬದುಕಿದ.

ಉಸಿರು ತಿರುಗಿದ ಮೇಲೆ ಅಧಿಕಾರಿ ಎದ್ದು ಕೂತ. ಎದುರಿಗೆ ಮರಳ ದಿಬ್ಬದ ಉದ್ದಕ್ಕೂ ಮಣ್ಣಿನ ಗುಡ್ಡೆಗಳು. ಒಂದೊಂದರ ತಲೆಗೂ ಒಂದೊಂದು ಕಲ್ಲು. ಎಣಿಸುವುದು ಅವನಿಗೆ ರೂಢಿ, ಎಣಿಸಿದ. ತೊಂಬತ್ತೊಂದು. ಇವೆಲ್ಲ ಎಷ್ಟು ವರ್ಷದವು ಎಂದು ಕೇಳಿದ.

"ಹೋದ ವರ್ಷದ್ದಾ ತಮ್ಮಾ," ಎಂದಳು ಮುದುಕಿ. "ಅದಕ್ಕಿಂತ ಮೊದಲ ಇಲ್ಲಿ ಒಂದೂ ಇರಲಿಲ್ಲ. ಎಲ್ಲಾರನೂ ನಾನಾ ಮಣ್ಣ ಮಾಡೀನಿ. ಮ್ಯಾಲಿನ ಊರಾಗ ಅದೇನ ರೋಗ ಬಂದೈತೋ ಏನೋ. ಹರದ ಬಂದವರ ಎಲ್ಲಾರ ಎದೀ ಮ್ಯಾಲೂ ಒಂದ ದುಂಡನ ಗುರುತು ಐತಿ ನೋಡು."

ಅಧಿಕಾರಿ ಒದ್ದೆ ಅಂಗಿಯ ಗುಂಡಿ ಬಿಚ್ಚಿ ತನ್ನ ಎದೆ ನೋಡಿಕೊಂಡ. ಮುದುಕಿಯೂ ನೋಡಿದಳು. ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

ಪಟ್ಟಿಯಲ್ಲಿದ್ದ ಇಬ್ಬರನ್ನೂ ಅವನು ಕೂಡಿಸಿ ನೋಡಿದ. ಅರವತ್ತು ಇಬ್ಬರಿಗೆ ಇಳಿದಿರಲಿಲ್ಲ, ತೊಂಬತ್ತಮೂರಕ್ಕೆ ಏರಿತ್ತು. ಮೊದಲಾದರೆ ಅರೆಜೀವವಾಗಿ ತೇಲಿ ಬಂದವರನ್ನು ಊರವರು ಎಳೆದುಕೊಂಡು ಉಳಿಸುತ್ತಿದ್ದರು. ಈಗ ಅವರೂ ಈ ಮರಳಲ್ಲಿದ್ದರು. ಅವರನ್ನು ಇಲ್ಲಿಗೆ ಕಳಿಸಿದ್ದು ತನ್ನ ಕೈಬರಹ.

ಗಡುವು ತೀರುವ ಮೊದಲು ಅವನು ನಡೆದುಕೊಂಡೇ ಅರಮನೆ ಸೇರಿದ. ಇಪ್ಪತ್ತು ಪ್ರಶ್ನೆಗಳ ಉತ್ತರ ಹೊಳೆಯ ಪಾಲಾಗಿತ್ತು. ಸಭೆ ತುಂಬಿತ್ತು. ಅರಸ ಏನು ಕಂಡೆ ಎಂದು ಕೇಳಿದ. ಅಧಿಕಾರಿ ಅಂಗಿ ಬಿಚ್ಚಿ ನಿಂತ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮುಖ ಬಿಳಿಚಿಕೊಂಡಿತ್ತು. ತನಗೆ ತಿಳಿಯದಂತೆಯೇ ಅವನು ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ.

"ಎಂಥ ಕಟುಕರು ಗುರುಗಳೇ, ಆ ಜನ! ಬದುಕಿದ್ದವನನ್ನು, ಕೂಗುತ್ತಿದ್ದವನನ್ನು..."

"ಕಟುಕರಲ್ಲ," ಎಂದರು ಗುರುಗಳು. "ಕಟ್ಟಳೆ ಬರುವ ಮೊದಲು ಅದೇ ರೈತ ಹೊಳೆಗೆ ಹಾರಿ ಹದಿನೇಳು ಜನರನ್ನು ದಡಕ್ಕೆ ತಂದಿದ್ದ."

"ಹಾಗಾದರೆ ಆ ಅಧಿಕಾರಿಗೆ ಅದು ಮೊದಲೇ ಹೇಗೆ ತಿಳಿಯಬೇಕಾಗಿತ್ತು? ಅವನ ಕಿವಿಗೆ ಎಲ್ಲೂ ಒಂದು ತಪ್ಪೂ ಬಿದ್ದಿರಲಿಲ್ಲವಲ್ಲ?"

ಗುರುಗಳು ಪಾಠಶಾಲೆಯ ತೆರೆದ ಬಾಗಿಲ ಕಡೆಗೆ ಕೈ ತೋರಿದರು. ಒಳಗೆ ಶಿಷ್ಯರು ಎರಡು ಸಾಲಾಗಿ ಕೂತು ಒಂದೇ ದನಿಯಲ್ಲಿ, ಒಂದಕ್ಷರವೂ ತಪ್ಪದೆ, ಪಾಠ ಒಪ್ಪಿಸುತ್ತಿದ್ದರು.

"ಅಡಿವೆಪ್ಪನ ಚಾಪೆ ಎಷ್ಟು ದಿನದಿಂದ ಸುತ್ತಿಟ್ಟಲ್ಲೇ ಇದೆ, ನೋಡಿದೆಯಾ ಚೆನ್ನವೀರ?"

ಚೆನ್ನವೀರ ಎದ್ದು ಬಾಗಿಲಿಗೆ ಹೋಗಿ ನೋಡಿದ: ಅಡಿವೆಪ್ಪನ ಎಡಕ್ಕೆ ಕೂರುತ್ತಿದ್ದವನೂ ಬಲಕ್ಕೆ ಕೂರುತ್ತಿದ್ದವನೂ ಈಗ ನಡುವೆ ಜಾಗವೇ ಇಲ್ಲದಂತೆ ಒತ್ತಿಕೊಂಡು ಕೂತಿದ್ದರು.