ಬೆಟ್ಟದ ಹುಲ್ಲಿನ ಎಲೆ ಮಗುಚಿಕೊಂಡಿದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು, ಮಗೂ. ಬೆಟ್ಟಗಳಿಗೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಮಳೆ ಬಂದರೆ ಜಾರುತ್ತಿದ್ದವು.

ಅಂಥ ಒಂದು ಬೆಟ್ಟದ ನೆತ್ತಿಯಲ್ಲಿ ಒಂದೇ ಒಂದು ಹುಲ್ಲಿನ ಬುಡವಿತ್ತು. ಹೊಂಬಣ್ಣದ ಎಲೆ, ಎಲೆಯ ಉದ್ದಕ್ಕೂ ಹಸಿರು ಗೀರು. ನೋಡಲು ಬಲು ಚೆಲುವು. ಹಗಲೆಲ್ಲ ಸೂರ್ಯನ ಕಡೆ ಮುಖವೆತ್ತಿ ನಿಂತಿರುತ್ತಿತ್ತು.

ತಪ್ಪಲಲ್ಲಿ ನಾಲ್ಕಾರು ಗುಡಿಸಲುಗಳು. ಎಲ್ಲಕ್ಕಿಂತ ಮೇಲಿನದು ಜುಂಜವ್ವ ಎಂಬ ಹೆಂಗಸಿನದು. ಅವಳಿಗೆ ಬೊಮ್ಮಿ ಎಂಬ ಪುಟ್ಟ ಮಗಳಿದ್ದಳು.

ಒಂದು ದಿನ ಬೆಟ್ಟ ಹುಲ್ಲಿಗೆ ಹೇಳಿತು: "ನನ್ನ ಮೈ ಸಡಿಲವಾಗುತ್ತಿದೆ. ಹಿಡಿದುಕೋ."

"ನಾನೊಬ್ಬಳೇ ಎಷ್ಟು ಹಿಡಿಯಲಿ?" ಎಂದಿತು ಹುಲ್ಲು.

ಇದು ಜುಂಜವ್ವನ ಕಿವಿಗೆ ಬಿತ್ತು. ಅವಳು ಬೆಟ್ಟ ಹತ್ತಿ ಬಂದಳು. "ಹುಲ್ಲವ್ವಾ, ನಿನ್ನ ಬುಡ ಸೀಳಿ ಇಳಿಜಾರಿನ ತುಂಬ ನೆಡುತ್ತೀನಿ. ಆಗ ನೀನು ಒಬ್ಬಳಲ್ಲ."

"ಸೀಳಿದರೆ ನೋಯುತ್ತದೆ. ನನ್ನ ಚಂದ ಕೆಡುತ್ತದೆ. ಮುಂದಿನ ವರ್ಷ ಬಾ."

ಒಪ್ಪಿಗೆಯಿಲ್ಲದೆ ಕೀಳುವುದು ಆ ಕಾಲದ ಜನಕ್ಕೆ ಗೊತ್ತಿರಲಿಲ್ಲ. ಜುಂಜವ್ವ ಬರಿಗೈಲಿ ಇಳಿದಳು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಜುಂಜವ್ವ ಸೊಪ್ಪು ಕೊಯ್ಯಲು ಆಚೆ ದಿಣ್ಣೆಗೆ ಹೋಗಿದ್ದಳು. ಬೊಮ್ಮಿ ಒಲೆ ಆರದಂತೆ ಊದುತ್ತ ಕೂತಿದ್ದಳು.

"ಹಿಡಿದುಕೋ!" ಎಂದಿತು ಬೆಟ್ಟ. ಹುಲ್ಲು ಹಿಡಿಯಿತು. ಸಾಲಲಿಲ್ಲ.

"ಹಿಡಿದುಕೋ!" ಎಂದು ಕೂಗಿತು ಬೆಟ್ಟ. ಸಾಲಲಿಲ್ಲ.

ಅರ್ಧ ಬೆಟ್ಟ ಕುಸಿದು ಜುಂಜವ್ವನ ಗುಡಿಸಲ ಮೇಲೆ ಬಿತ್ತು.

ಮೂರು ದಿನ ಅವಳು ಕೈಯಿಂದಲೇ ಅಗೆದಳು. ಉಗುರು ಕಿತ್ತುಹೋದವು. "ಬೊಮ್ಮೀ, ಬೊಮ್ಮೀ" ಎಂದು ಕರೆದಳು. ಬೊಮ್ಮಿ ಸಿಗಲೇ ಇಲ್ಲ.

ನಾಲ್ಕನೆಯ ದಿನ ಹುಲ್ಲು ಹೇಳಿತು: "ಅವ್ವಾ, ನನ್ನನ್ನು ಸೀಳು."

"ಈಗಲಾ?" ಎಂದಳು ಜುಂಜವ್ವ.

ಕೆಳಗೆ ಇನ್ನೂ ಗುಡಿಸಲುಗಳಿದ್ದವು, ಅವುಗಳಲ್ಲಿ ಮಕ್ಕಳಿದ್ದರು. ಅವಳು ಚೂಪು ಕಲ್ಲಿನಿಂದ ಬುಡ ಸೀಳಿದಳು. ಪ್ರತಿ ತುಂಡಿಗೂ ಒಂದಿಷ್ಟು ಬೇರು, ಒಂದಾದರೂ ಕುಡಿ ಇರುವಂತೆ ನೋಡಿಕೊಂಡಳು. ಗೇಣಿಗೊಂದು ನೆಟ್ಟು ಹಿಮ್ಮಡಿಯಿಂದ ಮಣ್ಣು ಅದುಮಿದಳು. ಹುಲ್ಲು ನೋವಿಗೆ ಬಾಯಿ ಬಿಡಲಿಲ್ಲ.

ಮೊದಲ ವರ್ಷ ಅದು ಸತ್ತೇಹೋದಂತಿತ್ತು. ಎರಡನೆಯ ವರ್ಷ ಬೇರಷ್ಟೇ ಹರಡಿತು. ಮೂರನೆಯ ವರ್ಷ ಇಳಿಜಾರೆಲ್ಲ ಮುಚ್ಚಿತು. ಮತ್ತೆ ಜೋರು ಮಳೆ ಬಂತು. ಬೆಟ್ಟ ನಿಂತಿತು.

ಗಾಳಿ ಬಂದು, "ಬಿಸಿಲು ಬಿದ್ದಿದೆ, ಮುಖ ಎತ್ತು" ಎಂದಿತು.

"ಕೆಳಗೆ ಮಗುವಿದೆ. ಹುಡುಕುತ್ತಿದ್ದೇನೆ" ಎಂದಿತು ಹುಲ್ಲು. ಅದರ ಒಂದೊಂದು ಎಲೆಯೂ ಬುಡದಲ್ಲಿ ತಿರುಚಿಕೊಂಡು ಮಣ್ಣಿನ ಕಡೆ ಮಗುಚಿತು.

ಜುಂಜವ್ವ ಮುದುಕಿಯಾದಳು. ಒಮ್ಮೆ ಹುಲ್ಲು ಮೆಲ್ಲಗೆ ಕೇಳಿತು: "ಅವ್ವಾ, ನನ್ನ ಮೇಲಿನ ಸಿಟ್ಟು ಹೋಯಿತಾ?"

"ಇಲ್ಲ. ಹೋಗೋದೂ ಇಲ್ಲ" ಎಂದಳು ಅವಳು. "ನೀನು ಮಾತ್ರ ಕೈ ಬಿಡಬೇಡ."

ಅದಕ್ಕೇ ಮಗೂ, ನಮ್ಮ ಜಗಲಿಯ ನೆರಳಿನ ಕುಂಡದಲ್ಲಿರುವ ಈ ಹುಲ್ಲಿನ ಎಲೆಯನ್ನು ನೀನು ಎಷ್ಟು ಸಲ ನೆಟ್ಟಗೆ ಮಾಡಿದರೂ ಅದು ಬೆನ್ನನ್ನು ಆಕಾಶಕ್ಕೆ ಹಾಕಿ, ಮುಖವನ್ನು ಮಣ್ಣಿಗೇ ತಿರುಗಿಸಿಕೊಳ್ಳುತ್ತದೆ.